ಪದಚರ್ಚೆ: ‘ಮಾಲೇರಿ ಫಾರ್ಮೇಶನ್’ಗೆ ಬೋರ್ಡಿನಲ್ಲಿ ಏನು ಬರೆಯೋಣ?

ಕುಂಬಳೆಯಿಂದ:
ಶಾಲೆಯ ವಿಜ್ಞಾನ ಮೇಳಕ್ಕೆ ಒಂದು ಬೋರ್ಡು ಆಗಬೇಕು. ನಾಳೆ ಬೆಳಿಗ್ಗೆ ಪೈಂಟರು ಬರುತ್ತಾರೆ. ವಿಷಯ ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಯ ಮಾಲೇರಿ ಫಾರ್ಮೇಶನ್ (ಒಂದೇ ಹೆಸರಿನಡಿ ಸೇರಿಸಿದ ಕಲ್ಲಿನ ಪದರಗಳ ಗುಂಪು), ಟ್ರಯಾಸಿಕ್‌ನ ಕೊನೆಯ ಭಾಗದ್ದು. ಟ್ರಯಾಸಿಕ್ ಅಂದರೆ ಭೂಮಿಯ ಇತಿಹಾಸದ ಒಂದು ಬಹಳ ಹಳೆಯ ಕಾಲ. ‘ಮಾಲೇರಿ ಶಿಲಾರಚನೆಯ ಕಶೇರುಕ ಜೀವಾವಶೇಷಗಳು’ ಅಂತ ಬರೆದಿಟ್ಟಿದ್ದೇನೆ. ಸರಿಯಾ?

ಮಂಜೇಶ್ವರದಿಂದ:
ಪೂರ್ತಿ ಸಂಸ್ಕೃತ. ‘ಟ್ರಯಾಸಿಕ್’ ಕೂಡ ಯಾಕೆ? ಆ ಪದದ ಮೂಲದಲ್ಲಿ ಇರುವ ಅರ್ಥ ‘ಮೂರು’. ‘ಮುಪ್ಪದರ ಕಾಲ’ ಅನ್ನಿ. ಎರವಲು ಸಾಕು.

ಬದಿಯಡ್ಕದಿಂದ:
ಮುಪ್ಪದರ ಬೇಡವೇ ಬೇಡ. 1834ರಲ್ಲಿ ಭೂವಿಜ್ಞಾನಿ ಆಲ್ಬರ್ಟಿ ಆ ಹೆಸರಿಟ್ಟದ್ದು ಜರ್ಮನಿಯ ಕಲ್ಲು ನೋಡಿ: ಕೆಳಗೆ ಕೆಂಪು ಮರಳುಗಲ್ಲು, ನಡುವೆ ಚಿಪ್ಪು ತುಂಬಿದ ಸುಣ್ಣಕಲ್ಲು, ಮೇಲೆ ಬಣ್ಣಬಣ್ಣದ ಜೇಡಿ. ಮಾಲೇರಿಯಲ್ಲಿ ಆ ಮೂರು ಇಲ್ಲ. ಅಲ್ಲಿರುವುದು ನದಿ ತಂದು ಹಾಕಿದ ಕೆಂಪು ಜೇಡಿ, ಮರಳುಗಲ್ಲು. ಟ್ರಯಾಸಿಕ್ ಅಂಕಿತನಾಮ, ಹಾಗೇ ಇರಲಿ.

ಮಾಷ್ಟ್ರೇ, ‘ರಚನೆ’ ಅಂದರೆ ಯಾರೋ ಕಟ್ಟಿದ ಹಾಗೆ ಕೇಳುತ್ತದೆ. ‘ಕಲ್ಲುಪದರಗಳು’ ಅನ್ನಿ. ಬಹುವಚನ ಬಿಡಬೇಡಿ, ಫಾರ್ಮೇಶನ್ ಅಂದರೆ ಒಂದೇ ಪದರ ಅಲ್ಲ. ಇನ್ನೊಂದು ಎಚ್ಚರ. ನಮ್ಮ ಮಕ್ಕಳಿಗೆ ಕಲ್ಲು ಅಂದರೆ ಮುರಕಲ್ಲು. ಕೋರೆಯ ಗೋಡೆಯಲ್ಲಿ ಮೆಷಿನ್ ಕೊಯ್ದ ಗೆರೆ ಒಂದರ ಮೇಲೊಂದು ಕಾಣುತ್ತದಲ್ವಾ, ಅದನ್ನೇ ಪದರ ಅಂದುಕೊಳ್ಳುತ್ತಾರೆ. ಬಂಡೆ ಇದ್ದಲ್ಲೇ ಮಳೆಗೆ ಕೊಳೆತು, ಕಬ್ಬಿಣದ ಅಂಶ ಉಳಿದು ಆದದ್ದು ಮುರಕಲ್ಲು. ಅದರಲ್ಲಿ ಎಲುಬು ಹುಡುಕುವುದು ಸುಮ್ನೆ ಶ್ರಮ. ಬೋರ್ಡಿನ ಕೆಳಗೆ ಇದನ್ನು ಹೇಳುವ ಒಂದು ಸಾಲು ಹಾಕಿಸಿ.

‘ಕಶೇರುಕ’ ತೆಗೆಯಿರಿ, ‘ಬೆನ್ನೆಲುಬಿರುವ ಪ್ರಾಣಿ’ ಅನ್ನಿ. ಆದರೆ ‘ಡೈನೋಸಾರ್ ಪಳೆಯುಳಿಕೆ’ ಅಂತ ಚುಟುಕು ಮಾಡಬೇಡಿ. ಅಲ್ವಾಕೇರಿಯಾ ಎಂಬ ಸಣ್ಣ ಡೈನೋಸಾರ್ ಅಲ್ಲಿ ಸಿಕ್ಕಿದ್ದು ನಿಜ. ಜೊತೆಗೆ ಕೊಕ್ಕುಬಾಯಿಯ ಹೈಪರೋಡಪೆಡಾನ್, ಮೊಸಳೆಯ ಹಾಗೆ ಉದ್ದ ಮೂತಿಯ ಪ್ಯಾರಾಸೂಕಸ್, ಮೀನು ಎಲ್ಲ ಇವೆ. ದೈತ್ಯ ಬರಪಾಸಾರಸ್ ಸಿಕ್ಕಿದ್ದು ಅದೇ ಕಣಿವೆಯ ಕೋಟಾ ಪದರಗಳಲ್ಲಿ. ಅದು ಟ್ರಯಾಸಿಕ್ ಆದ ಮೇಲೆ ಬಂದ ಜುರಾಸಿಕ್ ಕಾಲದ್ದು.

‘ಜೀವಾವಶೇಷ’ಕ್ಕಿಂತ ‘ಪಳೆಯುಳಿಕೆ’ ಎಷ್ಟೋ ಚೆಂದ. ಹಳಗನ್ನಡದ ‘ಪೞೆ’ಯಲ್ಲಿ ಪಕಾರ ಹಕಾರವಾಗಿ ‘ಹಳೆ’ ಬಂತು. ಪಕ್ಕದ ಮನೆಯ ಮಲಯಾಳದಲ್ಲಿ ‘ಪೞಯ’ ಇವತ್ತಿಗೂ ಇದೆ. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಮಂಜೇಶ್ವರದಿಂದ:
ಜುರಾಸಿಕ್, ಮೆಷಿನ್, ಬೋರ್ಡು ಎಲ್ಲ ಬರಲಿ. ಆಮೇಲೆ ಕನ್ನಡ ಅಂತ ಏನು ಉಳಿಯುತ್ತದೆ?

ಬದಿಯಡ್ಕದಿಂದ:
‘ಬೋರ್ಡಿಗೆ’, ‘ಬೋರ್ಡಿನಲ್ಲಿ’ ಅಂತ ವಿಭಕ್ತಿ ಹತ್ತಿದ ಮೇಲೆ ಅದು ಕನ್ನಡವೇ. ಈ ಜಗಳ ಬೇರೆ ದಿನ. ಮಾಷ್ಟ್ರೇ, ಪೈಂಟರಿಗೆ ಇಷ್ಟು ಕೊಡಿ: ‘ಮಾಲೇರಿ ಕಲ್ಲುಪದರಗಳು: ಟ್ರಯಾಸಿಕ್ ಕಾಲದ ಬೆನ್ನೆಲುಬಿರುವ ಪ್ರಾಣಿಗಳ ಪಳೆಯುಳಿಕೆ.’