ಸಹಾಯ ಬೇಕು: ಕಲ್ಲಿನ ಸಾಂದ್ರತೆ ಅಳೆಯಲು ತಕ್ಕಡಿ, ಮಂಡ್ಯ
ನಮಸ್ಕಾರ. ಎಂಟನೇ ತರಗತಿ ಮಕ್ಕಳಿಗೆ ಕಲ್ಲಿನ ಸಾಂದ್ರತೆ ಅಳೆಯೋದು ಹೇಳಿಕೊಡ್ತಿದೀವಿ. ಕೈಲಿರೋದು 250 ಮಿ.ಲೀ. ಅಳತೆ ಜಾಡಿ, ಗೆರೆಗೆ 2 ಮಿ.ಲೀ. ಗ್ರಾನೈಟ್ ಚೂರು 54 ಗ್ರಾಂ, ನೀರು 200ರಿಂದ 220ಕ್ಕೆ ಏರಿದ್ರೆ ಸಾಂದ್ರತೆ (ತೂಕ ÷ ಗಾತ್ರ) 54 ÷ 20 = 2.7, ಸರಿ. ಆದ್ರೆ ಒಂದು ಗೆರೆ ತಪ್ಪಿ 218 ಅಂತ ಓದಿದ್ರೆ ನೇರ 3.0! ನೀರಿನ ಮೇಲ್ಮೈ ಅಂಚಲ್ಲಿ ಮೇಲೇರಿರುತ್ತೆ, ಮಕ್ಕಳು ಅದನ್ನೇ ಓದ್ತಾರೆ. ಕಣ್ಣು ಸಮಕ್ಕಿಟ್ಟು ನಡುವಿನ ತಗ್ಗು ಓದಬೇಕು.

ಇದಕ್ಕಿಂತ ತಕ್ಕಡಿಯೇ ವಾಸಿ. ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕಲ್ಲನ್ನ ದಾರದಲ್ಲಿ ಪೂರ್ತಿ ಮುಳುಗಿಸಿ ಹಿಡಿದ್ರೆ ಏರಿದ ಗ್ರಾಂ ಅಷ್ಟೇ ಮಿ.ಲೀ. ಗಾತ್ರ. ತಳ ಮುಟ್ಟಿದ್ರೆ ಕೆಟ್ಟಿತು.

0.1 ಗ್ರಾಂ ತೋರಿಸೋ ತಕ್ಕಡಿ ಎರಡು ದಿನಕ್ಕೆ ಯಾರಾದ್ರೂ ಕೊಡ್ತೀರಾ? ಹೋಲಿಸೋಕೆ ಮುಷ್ಟಿಗಾತ್ರದ ಕಬ್ಬಿಣದ ಅದಿರೂ ಬೇಕು. ಇಟ್ಟಿಗೆ ಚೂರು ಬೇಡ, ನೀರು ಹೀರುತ್ತೆ.