ಸಹಾಯ ಬೇಕು: ದಾವಣಗೆರೆಯಲ್ಲಿ ಮಕ್ಕಳಿಗೆ ಮಂಡಕ್ಕಿ ಭಟ್ಟಿ ತೋರಿಸಬೇಕು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ ಮಕ್ಕಳ ಲೇಖಕಿಯೊಬ್ಬರು ದಾವಣಗೆರೆಯಲ್ಲಿ ಕತೆ ಓದುತ್ತಾರೆ. ಚಿತ್ರದುರ್ಗದಿಂದ ಮನೆಯವರೆಲ್ಲ ಬರುತ್ತಿದ್ದೇವೆ. ಆಮೇಲೆ ಮಂಡಕ್ಕಿ ಭಟ್ಟಿ ನೋಡುವ ಆಸೆ.

ಮೊನ್ನೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುವಾಗ ನನ್ನ ಆರು ವರ್ಷದ ಮಗಳು ಒಂದು ಕಾಳು ಬೆರಳ ತುದಿಯಲ್ಲಿ ಹಿಡಿದು, "ಅಕ್ಕಿ ಇಷ್ಟು ದಪ್ಪ ಹೇಗಾಯ್ತಪ್ಪಾ?" ಅಂದಳು. ಕಾದ ಮರಳಿಗೆ ಬಿದ್ದ ಕೂಡಲೇ ಒಳಗಿನ ತೇವ ಆವಿಯಾಗಿ ಅಕ್ಕಿ ಉಬ್ಬುತ್ತೆ ಅಂತ ಹೇಳಿದೆ. ಆದರೆ ಅದನ್ನು ಕಣ್ಣಾರೆ ನೋಡಬೇಕು, ಅಲ್ವಾ?

ಭಾನುವಾರ ಭಟ್ಟಿ ಹಚ್ಚುತ್ತಾರಾ? ಎಷ್ಟು ಹೊತ್ತಿಗೆ ಹೋದರೆ ಕೆಲಸದವರಿಗೆ ತೊಂದರೆ ಆಗಲ್ಲ? ಮಕ್ಕಳನ್ನು ಒಳಗೆ ಬಿಡುವ ಮಾಲೀಕರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಮ್ಮನಿಗೆ ಉಬ್ಬಸ ಇದೆ, ಹೊಗೆ ಜಾಸ್ತಿ ಇದ್ದರೆ ಅವರನ್ನು ದೂರದಲ್ಲೇ ಕೂರಿಸುತ್ತೇನೆ.