ಮಾತು ನಿಂತ ಮನೆ: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ಪತಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತವು, ಮಾತು ನಿಂತಿತು. ಸ್ವಯಂ ನಿವೃತ್ತಿ ಕೊಡಿಸಿಬಿಡು ಎಂದು ಬಂಧುಗಳ ಒತ್ತಾಯ. ಹಗಲೆಲ್ಲ ಅವರ ಮೇಲೆ ರೇಗುತ್ತೇನೆ, ರಾತ್ರಿ ಅಳುತ್ತೇನೆ. ನಾನು ಕೆಟ್ಟವಳಾಗುತ್ತಿದ್ದೇನೆಯೇ?

ತಂಗೀ, ನಿಮ್ಮ ಕೊನೆಯ ಸಾಲು ಓದಿದಾಗ ಆರು ವರ್ಷದ ಹಿಂದಿನ ನನ್ನ ಅಡುಗೆಮನೆ ಕಣ್ಣಿಗೆ ಕಟ್ಟಿತು. ನಮ್ಮವರು ‘ನೀರು’ ಎನ್ನಲು ಹೋಗಿ ‘ಬಾಗಿಲು’ ಎನ್ನುತ್ತಿದ್ದರು. ನಾನು ಬಾಗಿಲು ತೆರೆದರೆ ಅವರು ಲೋಟ ಎಸೆಯುತ್ತಿದ್ದರು. ಬುದ್ಧಿಯೇ ಹೋಯಿತೆಂದುಕೊಂಡು ಅವರ ಎದುರಿಗೇ ನೆಂಟರ ಬಳಿ ಏನೇನೋ ಆಡಿದೆ. ಅದು ಈಗಲೂ ಚುಚ್ಚುತ್ತದೆ, ಏಕೆಂದರೆ ಅವರಿಗೆ ಬಹುಪಾಲು ಎಲ್ಲವೂ ಅರ್ಥವಾಗುತ್ತಿತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಪದಗಳು ನಾಲಿಗೆಗೆ ಬರುವ ದಾರಿ ಕಟ್ಟಿಹೋಗುವುದುಂಟು. ಅದಕ್ಕೆ ಅಫೇಸಿಯಾ ಎನ್ನುತ್ತಾರೆಂದು ತಿಳಿದದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ಟಿವಿ ಆರಿಸಿ ಮಾತನಾಡಿ. ಒಂದು ಸಲಕ್ಕೆ ಒಂದೇ ಪುಟ್ಟ ವಾಕ್ಯ. ಕಾಫಿಯೋ ಹಾಲೋ ಎಂದು ಎರಡನ್ನೂ ತೋರಿಸಿ ಕೇಳಿ, ಆಮೇಲೆ ಕಾಯಿರಿ. ಆ ಕಾಯುವುದೇ ಕಷ್ಟ. ಮಾತು ಬಾರದವರಿಗೆ ಕೆಲವೊಮ್ಮೆ ಹಾಡು ಬರುತ್ತದೆ. ಒಂದು ಸಂಜೆ ದೀಪ ಹಚ್ಚುತ್ತ ನಾನು ಗುನುಗಿದ ದಾಸರ ಪದದ ಪಲ್ಲವಿಯನ್ನು ಅವರು ಪೂರ್ತಿ ಹಾಡಿದರು. ಬತ್ತಿ ನನ್ನ ಕೈಯಲ್ಲೇ ಉಳಿಯಿತು.

ಗಂಡ ಕಣ್ಣೆದುರು ಬದುಕಿರುವಾಗ ಅವರಿಗಾಗಿ ಅತ್ತರೆ ‘ಅಪಶಕುನ’ ಎನ್ನುತ್ತಾರೆ. ಹೊರಬರಲಾಗದ ಆ ದುಃಖವೇ ನಿಮ್ಮಲ್ಲಿ ಸಿಟ್ಟಾಗುತ್ತಿದೆ. ನಾನು ಮೈದುನನನ್ನು ಅವರ ಬಳಿ ಕೂರಿಸಿ ದಿನವೂ ಮುಕ್ಕಾಲು ಗಂಟೆ ನಡೆಯಲು ಹೋಗತೊಡಗಿದೆ. ನೆರೆಯವರು ಆಡಿಕೊಂಡರು. ಆಡಿಕೊಳ್ಳಲಿ, ನೀವೂ ಹೋಗಿ.
– ಓದುಗಿ, ಮೈಸೂರು

ದಯವಿಟ್ಟು ನಿವೃತ್ತಿಯ ಕಾಗದಕ್ಕೆ ಈಗ ಹೆಬ್ಬೆಟ್ಟು ಒತ್ತಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕಲಂ 20(4)ರಂತೆ, ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಪಾಠ ಮಾಡಲಾಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲವಾದರೆ ಸೂಕ್ತ ಹುದ್ದೆ ಸಿಗುವವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಲು ಅವಕಾಶವಿದೆ. ಶಾಶ್ವತವಾದ ಅಫೇಸಿಯಾ ಕೂಡ ಆ ಕಾಯ್ದೆಯ ಪಟ್ಟಿಯಲ್ಲಿದೆ. ಸದ್ಯಕ್ಕೆ ವೈದ್ಯಕೀಯ ರಜೆಯ ಅರ್ಜಿ ಹಾಕಿ, ಸ್ವೀಕೃತಿ ಪಡೆದು ಜೋಪಾನವಾಗಿಡಿ. ನನ್ನ ಸಹೋದ್ಯೋಗಿಯ ಮನೆಯವರು ಗಾಬರಿಯಲ್ಲಿ ರಾಜೀನಾಮೆ ಕೊಡಿಸಿದರು. ಒಂದೂವರೆ ವರ್ಷದಲ್ಲಿ ಅವರು ಕೋಲು ಹಿಡಿದು ಕಚೇರಿಯ ಮುಂದೆಯೇ ನಡೆದು ಹೋಗುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.
– ನಿವೃತ್ತ ಗುಮಾಸ್ತ, ಹಾವೇರಿ

ರಾತ್ರಿಯ ಅಳುವಿಗೆ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ: 14416. ಅದು ಟೆಲಿ ಮನಸ್ ಸಹಾಯವಾಣಿ, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಮ್ಮ ಹಾಸಿಗೆ ಹಿಡಿದಿದ್ದಾಗ ರಾತ್ರಿ ಎರಡಕ್ಕೆ ಕರೆ ಮಾಡಿದ್ದೆ. ಅಮ್ಮನ ಕಥೆಯನ್ನೆಲ್ಲ ಕೇಳಿದ ಮೇಲೆ ಆ ಕಡೆಯಿಂದ, ‘ನೀವು ಊಟ ಮಾಡಿದಿರಾ?’ ಎಂದರು. ಮಾಡಿರಲಿಲ್ಲ. ಎದ್ದು ಹೋಗಿ ಮೊಸರನ್ನ ಕಲೆಸಿಕೊಂಡೆ.
– ಓದುಗಿ, ಶಿರಸಿ